ಹಸಿರು ಹಲಗೆಯ ವಿಮರ್ಶೆ

ಹೋದ ದೀಪಾವಳಿಗೆ ತವರಿಗೆ ಹೋದಾಗ ಅತ್ತಿಗೆಯ ಓದುಬಳಗದವರು ನಮ್ಮ ಮನೆಯ ಜಗಲಿಯಲ್ಲಿ ಸೇರಿದ್ದರು. ಹತ್ತು ಹನ್ನೆರಡು ಮಂದಿ ಹೆಂಗಸರು. ತಿಂಗಳಿಗೊಂದು ಪುಸ್ತಕ ಓದುವುದು, ಅದರ ಬಗ್ಗೆ ಮನಸ್ಸಿಗೆ ತೋಚಿದ್ದನ್ನು ಹೇಳುವುದು, ಕೊನೆಗೆ ಅವಲಕ್ಕಿ, ಕಾಫಿ. ಅವರಲ್ಲೊಬ್ಬರು, ತೀರ್ಥಹಳ್ಳಿಯಲ್ಲಿ ಮೇಷ್ಟ್ರಾಗಿ ನಿವೃತ್ತರಾದವರು, ನನ್ನನ್ನು ಹತ್ತಿರ ಕೂರಿಸಿಕೊಂಡು ಕೇಳಿದರು: "ನೀನು ಬೆಂಗಳೂರಲ್ಲಿ ರಿವ್ಯೂ ಮಾಡ್ತೀಯಂತಲ್ಲ, ನಿನ್ನ ಅತ್ತಿಗೆ ಹೇಳ್ತಿದ್ದಳು. ಯಾವ ಪತ್ರಿಕೆಗೆ?"

ನನಗೆ ನಗು ಬಂತು. ರಿವ್ಯೂ ಮಾಡುವುದು ನಿಜ, ಆದರೆ ಪುಸ್ತಕಗಳನ್ನಲ್ಲ. ಒಳಗೆ ಹೋಗಿ ನನ್ನ ಚೀಲದಿಂದ ಅಂಗೈಯಗಲದ ಒಂದು ಹಸಿರು ಹಲಗೆಯನ್ನು ತಂದು ಅವರ ಕೈಯಲ್ಲಿಟ್ಟೆ. ಮೇಲೆ ಸಾಸಿವೆ ಕಾಳಿನಂಥ ಬಿಡಿಭಾಗಗಳು, ಒಂದು ಕಪ್ಪು ಚಿಪ್ಪು, ಅಂಚಿನಲ್ಲಿ ಸುರುಳಿ ಸುತ್ತಿದ ಒಂದು ತಂತಿ. ಹಲಗೆ ಕೈಯಿಂದ ಕೈಗೆ ದಾಟಿತು. ಮೂಗಿನ ತುದಿಗೆ ಕನ್ನಡಕ ಇಳಿಸಿ ನೋಡಿದವರಿದ್ದರು, ಬೆನ್ನು ತಿರುಗಿಸಿ ನೋಡಿದವರಿದ್ದರು. "ಇದನ್ನ ಎಂಥ ವಿಮರ್ಶೆ ಮಾಡೂದು ಮಾರಾಯ್ತಿ? ಇದರಲ್ಲಿ ಓದ್ಲಿಕ್ಕೆ ಎಂಥ ಉಂಟು?" ಎಂದರು ಒಬ್ಬರು. ಎಲ್ಲರೂ ನಕ್ಕರು. ಅತ್ತಿಗೆ ಮಾತ್ರ ನಗಲಿಲ್ಲ. ಅವರಿಗೆ ಆ ಹಲಗೆಯ ಗುರುತಿತ್ತು.

ಅಂದು ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲು ನನಗಾಗಲಿಲ್ಲ. ಆ ಹಲಗೆಯನ್ನು ವಿಮರ್ಶೆ ಮಾಡಲೇಬೇಕಾಗಿದ್ದ ದಿನ ನಾನು ಮಾಡಿರಲಿಲ್ಲ. ಮಾಡಿದ್ದೇನೆಂದು ಸಹಿ ಹಾಕಿದ್ದೆ, ಅಷ್ಟೆ. ತಡವಾಗಿಯಾದರೂ ಆ ವಿಮರ್ಶೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅದರ ಉದ್ದೇಶ ಹೇಳಬೇಕು. ಉದ್ದೇಶ ತಿಳಿಯದೆ ಯಾವ ಕೃತಿಯನ್ನೂ ತೂಗಬಾರದು. ನಮ್ಮ ತವರಿನ ಅಡಿಕೆ ತೋಟಕ್ಕೆ ನೀರು ಬರುವುದು ಮನೆಯ ಹಿಂದಿನ ಗುಡ್ಡದ ಮೇಲಿರುವ ಸಿಮೆಂಟಿನ ತೊಟ್ಟಿಯಿಂದ. ಕೆಳಗಿನ ಹಳ್ಳದಿಂದ ತೊಟ್ಟಿಗೆ ಮೋಟಾರು ನೀರೆತ್ತುತ್ತದೆ. ತ್ರೀಫೇಸ್ ಕರೆಂಟು ಬಂದಾಗ ಮೋಟಾರು ಹಾಕಬೇಕು, ತೊಟ್ಟಿ ತುಂಬಿದಾಗ ನಿಲ್ಲಿಸಬೇಕು. ತುಂಬಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಗುಡ್ಡ ಹತ್ತಿ ನೋಡಬೇಕು. ಅಣ್ಣ ಪೇಟೆಗೋ ಸೊಸೈಟಿಗೋ ಹೋಗಿರುತ್ತಾನೆ. ಹತ್ತುವವರು ಅತ್ತಿಗೆ. ಮನೆಯಿಂದ ತೊಟ್ಟಿಗೆ ಆರುನೂರು ಮೀಟರು. ಮಂಡಿನೋವಿನ ಹೆಂಗಸು ದಿನಕ್ಕೆ ಎರಡು ಸಲ ಹತ್ತಿ ಇಳಿಯುವಾಗ ಅದು ಆರುನೂರು ಮೀಟರಿನಷ್ಟೇ ಇರುವುದಿಲ್ಲ.

ನಾನು ಕೆಲಸ ಮಾಡುತ್ತಿದ್ದ ಸಣ್ಣ ಕಂಪನಿ ಇಂಥ ತೋಟಗಳಿಗೆಂದೇ ಒಂದು ಉಪಕರಣ ಮಾಡಲು ಹೊರಟಿತ್ತು. ತೊಟ್ಟಿಯ ಹತ್ತಿರ ಒಂದು ಪೆಟ್ಟಿಗೆ. ಅದಕ್ಕೆ ಸಣ್ಣ ಸೋಲಾರ್ ಫಲಕ, ಬ್ಯಾಟರಿ. ಮನೆಯಲ್ಲಿ ಇನ್ನೊಂದು ಪೆಟ್ಟಿಗೆ. ಅದರ ಮೇಲೊಂದು ಗುಂಡಿ, ಕೆಲವು ದೀಪಗಳು. ಗುಂಡಿ ಒತ್ತಿದರೆ ಮನೆಯ ಪೆಟ್ಟಿಗೆ ತೊಟ್ಟಿಯ ಪೆಟ್ಟಿಗೆಯನ್ನು "ನೀರೆಷ್ಟಿದೆ?" ಎಂದು ಕೇಳುತ್ತದೆ. ಅದು ಉತ್ತರ ಕೊಡುತ್ತದೆ. ತುಂಬಿದ್ದರೆ ಹಸಿರು ದೀಪ. ಇಬ್ಬರ ನಡುವಿನ ಮಾತುಕತೆ ರೇಡಿಯೋ ತರಂಗದಲ್ಲಿ, 865ರಿಂದ 867 ಮೆಗಾಹರ್ಟ್ಸ್‌ಗಳ ನಡುವೆ. ನಮ್ಮ ದೇಶದಲ್ಲಿ ಈ ಪಟ್ಟಿಯನ್ನು ಕಡಿಮೆ ಶಕ್ತಿಯ ಉಪಕರಣಗಳಿಗೆ 2005ರಲ್ಲೇ ಲೈಸೆನ್ಸ್ ಇಲ್ಲದೆ ಬಿಟ್ಟುಕೊಟ್ಟಿದ್ದಾರೆ. ಆ ತರಂಗದ ಒಂದು ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್.

ಹಲಗೆಯ ಉದ್ದೇಶವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಅತ್ತಿಗೆ ಗುಡ್ಡ ಹತ್ತಬಾರದು.

ಇನ್ನು ಇಂಥ ಹಲಗೆಯನ್ನು ಓದುವ ಬಗೆ. ಸಾಮಾನ್ಯ ವಿದ್ಯುತ್ ಮಂಡಲವನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ: ಬ್ಯಾಟರಿ, ತಂತಿ, ಬಲ್ಬು. ತಂತಿ ಗಿಡ್ಡವಿರಲಿ ಉದ್ದವಿರಲಿ, ನೆಟ್ಟಗಿರಲಿ ಸೊಟ್ಟಗಿರಲಿ, ಬಲ್ಬು ಉರಿಯುತ್ತದೆ. ತಂತಿಯೆಂದರೆ ಬರೇ ಎರಡನ್ನು ಕೂಡಿಸುವ ಗೆರೆ. ರೇಡಿಯೋ ಹಲಗೆಯಲ್ಲಿ ಹಾಗಲ್ಲ. ಅಲ್ಲಿ ಗೆರೆಯೇ ಒಂದು ಬಿಡಿಭಾಗ. ಎರಡು ಪದರದ, 1.6 ಮಿಲಿಮೀಟರ್ ದಪ್ಪದ ಮಾಮೂಲಿ ಹಲಗೆಯಲ್ಲಿ ಚಿಪ್ಪಿನಿಂದ ಆಂಟೆನಾಕ್ಕೆ ಹೋಗುವ ತಾಮ್ರದ ಗೆರೆ ಸುಮಾರು 3 ಮಿಲಿಮೀಟರ್ ಅಗಲ ಇರಬೇಕು. ಆಗ ಮಾತ್ರ ತರಂಗಕ್ಕೆ ಅದು 50 ಓಮ್‌ನ ದಾರಿಯಾಗಿ ಕಾಣುತ್ತದೆ. ಜಾಗ ಉಳಿಯಲಿ ಎಂದು ಅದನ್ನೇ 0.3 ಮಿಲಿಮೀಟರ್ ಎಳೆದಿರೋ, ಅದು 130 ಓಮ್ ಆಸುಪಾಸಿನ ದಾರಿಯಾಗುತ್ತದೆ. ಅಗಲ ರಸ್ತೆ ಒಮ್ಮೆಲೇ ಓಣಿಯಾದ ಹಾಗೆ. ಅಂಥ ಸಂದಿಯಲ್ಲಿ ಶಕ್ತಿಯ ಐದನೇ ಒಂದು ಪಾಲು ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗುತ್ತದೆ. ಮೇಲಿನ ಪದರದಿಂದ ಕೆಳಗಿನ ಪದರಕ್ಕೆ ಇಳಿಯುವ ಒಂದು ಸಣ್ಣ ತೂತು, ನಾವು ವಯಾ ಎನ್ನುತ್ತೇವೆ, ಬ್ಯಾಟರಿಯ ಕರೆಂಟಿಗೆ ಲೆಕ್ಕಕ್ಕೇ ಇಲ್ಲ. ಈ ಆವರ್ತನದಲ್ಲಿ ಅದೇ ತೂತು ಆರೇಳು ಓಮ್‌ನ ತಡೆ. ಮಾಮೂಲಿ ಕೆಪಾಸಿಟರ್ ಒಂದು ಹಂತ ದಾಟಿದ ಮೇಲೆ ಕೆಪಾಸಿಟರ್ ಆಗಿ ಉಳಿಯುವುದೇ ಇಲ್ಲ. ಅದರ ಕಾಲುಗಳೇ ಸುರುಳಿಯ ಗುಣ ತೋರಿಸುತ್ತವೆ.

ಎಲ್ಲಕ್ಕಿಂತ ಮುಖ್ಯವಾದದ್ದು ಚಿತ್ರದಲ್ಲಿ ಬರೆಯದ ಸಂಗತಿ. ಹೋದ ಕರೆಂಟು ಮರಳಬೇಕು. ಹಲಗೆಯ ಕೆಳಪದರದಲ್ಲಿ ಹಾಸಿರುವ ತಾಮ್ರದ ಹಾಳೆ, ಗ್ರೌಂಡ್, ಅದರ ಮರಳುವ ದಾರಿ. ಕಡಿಮೆ ಆವರ್ತನದ ಕರೆಂಟು ಹಾಳೆಯ ತುಂಬ ಹರಡಿಕೊಂಡು ಹೇಗೋ ಬರುತ್ತದೆ. ರೇಡಿಯೋ ಆವರ್ತನದ ಕರೆಂಟು ಹಾಗೆ ಬರುವುದಿಲ್ಲ. ಮೇಲಿನ ಗೆರೆಯ ನೇರ ಕೆಳಗೆ, ಅದರ ನೆರಳಿನಂತೆ, ಅಂಟಿಕೊಂಡೇ ಮರಳುತ್ತದೆ. ಆ ನೆರಳಿನ ದಾರಿಯನ್ನು ಯಾರೂ ಬರೆಯುವುದಿಲ್ಲ. ಸರ್ಕ್ಯೂಟಿನ ನಕ್ಷೆಯಲ್ಲಿ ಅದಕ್ಕೆ ಮೂರು ಗೀಟಿನ ಒಂದು ಚಿಹ್ನೆ ಇದ್ದರೆ ಹೆಚ್ಚು.

ಇದನ್ನು ನನಗೆ ಕಲಿಸಿದವರು ನನ್ನ ಮೊದಲ ಕೆಲಸದಲ್ಲಿದ್ದ ಮೇಡಂ ಒಬ್ಬರು. ನಾನು ಮಾಡಿದ ಮೊದಲ ಬೋರ್ಡಿಗೆ ಅವರು ಮೂವತ್ತೇಳು ಟಿಪ್ಪಣಿ ಬರೆದಿದ್ದರು, ಕೆಂಪು ಶಾಯಿಯಲ್ಲಿ. ಇಪ್ಪತ್ತೆರಡನೆಯ ವಯಸ್ಸು ನನಗೆ. ಬಾತ್‌ರೂಮಿಗೆ ಹೋಗಿ ಅತ್ತೆ. ಮುಖ ತೊಳೆದುಕೊಂಡು ಬಂದು ಓದಿದರೆ ಮೂವತ್ತೇಳರಲ್ಲಿ ಒಂದೂ ನನ್ನ ಬಗ್ಗೆ ಇರಲಿಲ್ಲ. ಎಲ್ಲವೂ ಬೋರ್ಡಿನ ಬಗ್ಗೆ. ಮೊದಲನೆಯ ಟಿಪ್ಪಣಿ ಒಂದು ಪ್ರಶ್ನೆ: "ಇಲ್ಲಿ ಹೋದ ಕರೆಂಟು ಯಾವ ದಾರಿಯಲ್ಲಿ ಮರಳುತ್ತದೆ?" ನನ್ನ ಬಳಿ ಉತ್ತರವಿರಲಿಲ್ಲ. ಬೋರ್ಡನ್ನು ಮತ್ತೆ ಎಳೆದೆ. ಅದು ಕೆಲಸ ಮಾಡಿತು. ಅಂದಿನಿಂದ ಯಾವ ಹಲಗೆ ನೋಡಿದರೂ ನನ್ನ ಬೆರಳು ಮೊದಲು ಹೋಗುವುದು ಗೆರೆಯ ಮೇಲಲ್ಲ, ಗೆರೆಯ ಕೆಳಗೆ.

ಈಗ ಹಲಗೆಗೆ ಬರೋಣ. ಅದನ್ನು ರೂಪಿಸಿದವರು ನಮ್ಮ ಕಂಪನಿಯ ಹಿರಿಯರು. ಸರ್ ಎಂದಷ್ಟೇ ಕರೆಯುತ್ತೇನೆ. ನಾನು ಶಾಲೆಗೆ ಹೋಗುವ ಕಾಲಕ್ಕಾಗಲೇ ಬೋರ್ಡುಗಳನ್ನು ಮಾಡುತ್ತಿದ್ದವರು. ಅವರ ಗುಣ ಹಲಗೆಯಲ್ಲಿ ಕಾಣುತ್ತದೆ. ಸ್ಕ್ರೂಗಳು ಕೈಗೆ ಸಿಗುವಲ್ಲಿವೆ. ಬ್ಯಾಟರಿಯ ತಂತಿ ಹಿಂದುಮುಂದಾಗಿ ಸೇರದ ಹಾಗೆ ಕನೆಕ್ಟರ್ ಇದೆ. ಪ್ರತಿಯೊಂದು ಬಿಡಿಭಾಗದ ಪಕ್ಕದಲ್ಲಿ ಓದಲು ಬರುವಂಥ ಬಿಳಿ ಅಕ್ಷರ. ನಿದ್ದೆಯ ಹೊತ್ತಿನಲ್ಲಿ ಹಲಗೆ ಕುಡಿಯುವ ಕರೆಂಟು ಬಹಳ ಕಡಿಮೆ. ಮೋಡದ ದಿನಗಳಲ್ಲೂ ಬ್ಯಾಟರಿ ಉಳಿಯುತ್ತದೆ. ರೈತ ಕೊಳ್ಳುವ ಸಾಮಾನು, ಬೆಲೆ ಕಡಿಮೆಯಿರಲಿ ಎಂದು ನಾಲ್ಕು ಪದರದ ಬದಲು ಎರಡೇ ಪದರದಲ್ಲಿ ಮುಗಿಸಿದ್ದಾರೆ. ಇವೆಲ್ಲ ಅನುಭವದ ಮಾತು.

ದೋಷ ಒಂದು, ಆದರೆ ದೊಡ್ಡದು. ಎರಡೇ ಪದರವಾದ್ದರಿಂದ ಬ್ಯಾಟರಿಯ ಬಿಸಿ ಅಳೆಯುವ ಒಂದು ಗೆರೆಗೆ ಮೇಲೆ ಜಾಗ ಸಿಗಲಿಲ್ಲ. ಅದನ್ನು ಕೆಳಪದರಕ್ಕೆ ಇಳಿಸಿದರು. ಕೆಳಪದರದಲ್ಲಿ ಗೆರೆ ಬರಬೇಕಾದರೆ ಗ್ರೌಂಡಿನ ಹಾಳೆಯನ್ನು ಅಷ್ಟುದ್ದ ಸೀಳಲೇಬೇಕು. ಇಪ್ಪತ್ತೆರಡು ಮಿಲಿಮೀಟರ್ ಉದ್ದದ ಸೀಳು. ಅದು ಹಾದುಹೋದದ್ದು ಸರಿಯಾಗಿ ಆಂಟೆನಾ ಗೆರೆಯ ಕೆಳಗೆ, ಅಡ್ಡಲಾಗಿ. ಮೇಲಿನ 3 ಮಿಲಿಮೀಟರ್ ಗೆರೆಯ ಲೆಕ್ಕ ನನ್ನದೇ, ಅದು ಸರಿಯಿತ್ತು. ಕೆಳಗೆ ನೆರಳಿನ ದಾರಿ ತುಂಡಾಗಿತ್ತು. ಆಂಟೆನಾದಿಂದ ಮರಳುವ ಕರೆಂಟು ಆ ಸೀಳನ್ನು ಸುತ್ತು ಹಾಕಿ ಬರಬೇಕು. ಅದರ ಪಕ್ಕದಲ್ಲೇ ಸೋಲಾರ್ ಫಲಕದಿಂದ ಬ್ಯಾಟರಿ ತುಂಬಿಸುವ ಚಾರ್ಜರ್ ಭಾಗ. ಅದು ಕರೆಂಟನ್ನು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಕಡಿದು ಕಡಿದು ಕೊಡುವಂಥದ್ದು. ಅದರ ಕರೆಂಟೂ ಅದೇ ಸೀಳನ್ನು ಸುತ್ತಿಯೇ ಮರಳಬೇಕು. ಪಿಸುಮಾತು ಕೇಳಿಸಿಕೊಳ್ಳಬೇಕಾದವರ ಕಿವಿಯ ಬುಡದಲ್ಲಿ ಹಿಟ್ಟಿನ ಗಿರಣಿ ಇಟ್ಟ ಹಾಗೆ. ಪಿಸುಮಾತು ಎಂದರೆ ಎಷ್ಟು ಸಣ್ಣದು? ಒಂದು ವ್ಯಾಟ್ ಶಕ್ತಿಯನ್ನು ಲಕ್ಷ ಕೋಟಿ ಪಾಲು ಮಾಡಿ, ಅದರಲ್ಲೊಂದು ಪಾಲನ್ನು ಮತ್ತೆ ಸಾವಿರ ಪಾಲು ಮಾಡಿದರೆ ಎಷ್ಟೋ ಅಷ್ಟನ್ನೂ ಈ ಚಿಪ್ಪು ಕೇಳಿಸಿಕೊಳ್ಳಬಲ್ಲುದು. ಸುತ್ತ ಗದ್ದಲ ಇರದಿದ್ದರೆ.

ಕಂಪ್ಯೂಟರ್ ಇಂಥ ತಪ್ಪನ್ನು ಹುಡುಕುವುದಿಲ್ಲವೇ ಎಂದು ನೀವು ಕೇಳಬಹುದು. ಗೆರೆ ಗೆರೆಗೆ ತಾಗಿದೆಯೇ, ತೂತಿನ ಅಳತೆ ಸರಿಯೇ, ಸೇರಬೇಕಾದದ್ದು ಸೇರಿದೆಯೇ ಎಂದು ಅದು ನೋಡುತ್ತದೆ. ಕಾಗುಣಿತ ತಿದ್ದಿದ ಹಾಗೆ. ಸೀಳಿನ ಆಚೆಗೂ ಈಚೆಗೂ ಗ್ರೌಂಡ್ ಸೇರಿಯೇ ಇತ್ತಲ್ಲ, ಸುತ್ತಿನ ದಾರಿಯಲ್ಲಿ! ಕಂಪ್ಯೂಟರ್ "ತಪ್ಪುಗಳು: 0" ಎಂದಿತು.

ರಿವ್ಯೂ ಸಭೆ ನಡೆದದ್ದು 2019ರ ಮಾರ್ಚ್‌ನಲ್ಲಿ. ಐದು ಜನ, ನಲವತ್ತು ನಿಮಿಷ. ಬೋರ್ಡು ಮಾಡಲು ಫೈಲು ಕಳಿಸುವುದಕ್ಕೆ ಅಂದು ಸಂಜೆಯೇ ಗಡುವು. ಸರ್ ಎರಡು ರಾತ್ರಿ ನಿದ್ದೆಗೆಟ್ಟಿದ್ದರು, ಕಣ್ಣು ಕೆಂಪಗಿತ್ತು. ಪರದೆಯ ಮೇಲೆ ಕೆಳಪದರ ಬಂದಾಗ ಸೀಳು ನನ್ನ ಕಣ್ಣಿಗೆ ಬಿತ್ತು. ನೋಡಲಿಲ್ಲ ಎಂದು ಹೇಳಲಾರೆ. ನನ್ನ ಬೆರಳು ಮೇಜಿನ ಮೇಲೆ ಆ ಗೆರೆಯನ್ನು ಎಳೆದದ್ದೂ ನೆನಪಿದೆ. ಅಷ್ಟರಲ್ಲಿ ಒಬ್ಬರು "ಎರಡು ಪದರದಲ್ಲಿ ಮುಗಿಸಿದ್ದೀರಲ್ಲ ಸರ್, ಅದ್ಭುತ" ಎಂದರು. ಇನ್ನೊಬ್ಬರು ಹೌದೆಂದು ತಲೆಯಾಡಿಸಿದರು. ಸರ್ ನನ್ನ ಕಡೆ ತಿರುಗಿ, "ಆರ್‌ಎಫ್ ಕಡೆ ಏನಾದ್ರೂ ಇದೆಯೇನಮ್ಮ?" ಎಂದು ಕೇಳಿದರು.

ಆ ಕ್ಷಣದಲ್ಲಿ ನನ್ನ ತಲೆಯೊಳಗೆ ಎಷ್ಟೊಂದು ಲೆಕ್ಕ! ಇಷ್ಟು ಹಿರಿಯರಿಗೆ ಎಲ್ಲರೆದುರು ಹೇಗೆ ಹೇಳಲಿ? ಹೇಳಿದರೆ ಬೋರ್ಡನ್ನು ಮತ್ತೆ ಎಳೆಯಬೇಕು, ಗಡುವು ಹೋಗುತ್ತದೆ. ಸೀಳು ಸಣ್ಣದು, ಏನೂ ಆಗಲಿಕ್ಕಿಲ್ಲ. ಆದರೂ ಆದೀತು. ನನಗೇ ತಪ್ಪಿದ್ದರೆ? ಇವಳಿಗೆ ಬಾಯಿ ಜೋರು ಎಂದುಕೊಂಡರೆ? "ಸರಿ ಇದೆ ಸರ್" ಎಂದೆ. ಕಾಗದದ ಮೇಲೆ ಸಹಿ ಹಾಕಿದೆ. ಐವತ್ತು ಹಲಗೆಗಳು ತಯಾರಾದವು.

ಪ್ರಯೋಗಾಲಯದಲ್ಲಿ ಎಲ್ಲವೂ ಸರಾಗ. ಅಲ್ಲಿ ಸೋಲಾರ್ ಫಲಕವಿರಲಿಲ್ಲ. ಮೇಜಿನ ಪವರ್ ಸಪ್ಲೈಯಿಂದ ಕರೆಂಟು ಕೊಟ್ಟು ನೋಡಿದೆವು. ಚಾರ್ಜರ್ ಭಾಗ ಸುಮ್ಮನಿತ್ತು. ಏಪ್ರಿಲ್‌ನಲ್ಲಿ ಪರೀಕ್ಷೆಗೆಂದು ಒಂದು ಜೊತೆ ಪೆಟ್ಟಿಗೆಯನ್ನು ನಾನೇ ತವರಿಗೆ ಒಯ್ದೆ. ಅಣ್ಣ ತೊಟ್ಟಿಯ ಪಕ್ಕ ಕಂಬ ನೆಟ್ಟ. ಸಂಜೆ ಐದೂವರೆಗೆ ಅತ್ತಿಗೆ ಗುಂಡಿ ಒತ್ತಿದರು. ಹಸಿರು ದೀಪ ಬಂತು. ಅತ್ತಿಗೆ ಆ ರಾತ್ರಿ ಪಾಯಸ ಮಾಡಿದರು.

ಅನಂತರ ನಾನು ಫೋನು ಮಾಡಿದಾಗಲೆಲ್ಲ ಕೇಳುತ್ತಿದ್ದೆ, "ಅತ್ತಿಗೆ, ಪೆಟ್ಟಿಗೆ ಹೇಗಿದೆ?" "ಲಾಯ್ಕ ಉಂಟು" ಎನ್ನುತ್ತಿದ್ದರು. ಜೂನ್‌ನಲ್ಲಿ ಊರಿಗೆ ಹೋದೆ. ಮಧ್ಯಾಹ್ನ ಹನ್ನೆರಡರ ಬಿಸಿಲು. ಅತ್ತಿಗೆ ಸೆರಗನ್ನು ತಲೆಗೆ ಸುತ್ತಿಕೊಂಡು ಗುಡ್ಡದಿಂದ ಇಳಿದು ಬರುತ್ತಿದ್ದಾರೆ!

"ಯಾಕೆ ಅತ್ತಿಗೆ, ಪೆಟ್ಟಿಗೆ ಇದೆಯಲ್ಲ?"

"ಉಂಟು. ಕೆಲವೊಮ್ಮೆ ಹೇಳ್ತದೆ, ಕೆಲವೊಮ್ಮೆ ಹೇಳೂದಿಲ್ಲ. ನೀನು ಕಷ್ಟಪಟ್ಟು ಮಾಡಿದ್ದು, ಹೇಗೆ ಹೇಳೂದು ಅಂತ ಸುಮ್ಮನಿದ್ದೆ."

ಆ ಮಾತು ಕೇಳಿ ನನ್ನ ಎದೆ ಧಸಕ್ಕೆಂದಿತು. ಎರಡು ತಿಂಗಳು ಆಕೆ ಪ್ರೀತಿಯಿಂದ ಬಾಯಿ ಮುಚ್ಚಿಕೊಂಡು ಗುಡ್ಡ ಹತ್ತಿದ್ದರು. ನಾನು ಗೌರವದಿಂದ ಬಾಯಿ ಮುಚ್ಚಿಕೊಂಡಿದ್ದೆ. ಎರಡೂ ಸೇರಿ ಆದದ್ದು ಇಷ್ಟೆ.

ಆದರೆ ಅತ್ತಿಗೆ ಸುಮ್ಮನಿರಲಿಲ್ಲ. ಅಡುಗೆಮನೆಯ ಗೋಡೆಯ ಕ್ಯಾಲೆಂಡರ್‌ನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ, ಪೆನ್ಸಿಲ್‌ನಿಂದ ಗುರುತು ಹಾಕಿಟ್ಟಿದ್ದರು. ಬೆಳಿಗ್ಗೆ ಆರು: ಬಂತು. ಹನ್ನೊಂದು: ಇಲ್ಲ. ಒಂದು ಗಂಟೆ: ಇಲ್ಲ. ಸಂಜೆ: ಬಂತು. ಮೋಡ, ಮಧ್ಯಾಹ್ನವೂ ಬಂತು. ಮಳೆ ನಿಂತ ಕೂಡಲೇ: ಇಲ್ಲ. ಎರಡು ತಿಂಗಳ ಗುರುತುಗಳು! ನಾನು ಗೋಡೆಗೆ ಮುಖ ಹಚ್ಚಿ ನಿಂತು ಓದಿದೆ. ಬಿಸಿಲು ಜೋರಾದಾಗ ಇಲ್ಲ, ಮೋಡವಿದ್ದರೆ ಉಂಟು. ಬಿಸಿಲು ಎಂದರೆ ಚಾರ್ಜರ್ ದುಡಿಯುವ ಹೊತ್ತು. ಆ ಗದ್ದಲದಲ್ಲಿ ತೊಟ್ಟಿಯ ಪೆಟ್ಟಿಗೆಗೆ ಮನೆಯ ಪ್ರಶ್ನೆಯೇ ಕೇಳಿಸುತ್ತಿಲ್ಲ. ತ್ರೀಫೇಸ್ ಕರೆಂಟು ಬರುವುದೂ, ದೀಪ ಬೇಕಾಗುವುದೂ ಅದೇ ಹೊತ್ತಿನಲ್ಲಿ. ಆ ಹಲಗೆಯ ಬಗ್ಗೆ ಬರೆದ ಅತ್ಯುತ್ತಮ ವಿಮರ್ಶೆ ಆ ಕ್ಯಾಲೆಂಡರೇ. ಐದು ಇಂಜಿನಿಯರುಗಳ ಸಹಿಯಿದ್ದ ಕಾಗದಕ್ಕಿಂತ ಅದರಲ್ಲಿ ಹೆಚ್ಚು ಸತ್ಯವಿತ್ತು.

ಮರುದಿನ ಹಲಗೆಯನ್ನು ಬಿಚ್ಚಿ ಜಗಲಿಯಲ್ಲಿ ಕೂತೆ. ಸೀಳಿನ ಎರಡೂ ಬದಿಯ ಹಸಿರು ಬಣ್ಣವನ್ನು ಬ್ಲೇಡಿನಿಂದ ಕೆರೆದು ತಾಮ್ರ ಕಾಣುವಂತೆ ಮಾಡಿದೆ. ನಡುವಿನ ಗೆರೆಯ ಮೇಲೆ ಬಿಸಿ ತಡೆಯುವ ಟೇಪು ಅಂಟಿಸಿದೆ. ಅದರ ಮೇಲೆ ತಾಮ್ರದ ತೆಳು ಪಟ್ಟಿ ಇಟ್ಟು ಎರಡೂ ಕಡೆ ಸೋಲ್ಡರ್ ಮಾಡಿದೆ. ಹಳ್ಳಕ್ಕೆ ಕಾಲುಸಂಕ ಹಾಕಿದ ಹಾಗೆ. ಅಣ್ಣ ಅದನ್ನು ಮತ್ತೆ ಕಂಬಕ್ಕೆ ಕಟ್ಟಿದ. ಮಧ್ಯಾಹ್ನ ಒಂದಕ್ಕೆ, ಸುಡುಬಿಸಿಲಿನಲ್ಲಿ, ಅತ್ತಿಗೆ ಗುಂಡಿ ಒತ್ತಿದರು. ದೀಪ ಬಂತು. ಇಪ್ಪತ್ತು ಸಲ ಒತ್ತಿಸಿದೆ. ಹದಿನೆಂಟು ಸಲ ಬಂತು. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಅಷ್ಟೇ ಸಾಕಿದ್ದ ತಿದ್ದುಪಡಿಯನ್ನು ಮಾರ್ಚ್‌ನಲ್ಲಿ ಒಂದು ವಾಕ್ಯದಲ್ಲಿ ಹೇಳಬಹುದಿತ್ತು.

ಮಳೆಯ ದೋಷ ನನ್ನದೇ. ಆಂಟೆನಾವನ್ನು ನಾನು ಮೇಜಿನ ಮೇಲೆ, ಪೆಟ್ಟಿಗೆಯಿಲ್ಲದೆ, ಹೊಂದಿಸಿದ್ದೆ. ಪ್ಲಾಸ್ಟಿಕ್ ಮುಚ್ಚಳ ಹತ್ತಿರ ಬಂದರೆ ಆಂಟೆನಾದ ಶ್ರುತಿ ಸ್ವಲ್ಪ ಇಳಿಯುತ್ತದೆ. ಮುಚ್ಚಳದ ಮೇಲೆ ನೀರು ನಿಂತರೆ ಇನ್ನಷ್ಟು. ತಂಬೂರಿಯನ್ನು ಶ್ರುತಿ ಮಾಡಿ ಗವಸಿನೊಳಗಿಟ್ಟು ನುಡಿಸಿದ ಹಾಗೆ. ಮಲೆನಾಡಿಗೆ ಮಾಡುವ ಉಪಕರಣವನ್ನು ಒಣಗಿದ ಮೇಜಿನ ಮೇಲೆ ಪರೀಕ್ಷೆ ಮಾಡಿದವಳು, ಮಲೆನಾಡಿನಲ್ಲೇ ಹುಟ್ಟಿದ ನಾನು. ಇದನ್ನು ಯಾರೂ ಆ ಸಭೆಯಲ್ಲಿ ಕೇಳಲಿಲ್ಲ. "ಇದು ಎಲ್ಲಿ ಕೂರುತ್ತದೆ, ಅಲ್ಲಿ ಮಳೆ ಎಷ್ಟು?" ಎಂಬ ಪ್ರಶ್ನೆ ನಮ್ಮ ಪಟ್ಟಿಯಲ್ಲಿ ಇರಲೇ ಇಲ್ಲ.

ಬೆಂಗಳೂರಿಗೆ ಮರಳಿ ಸರ್ ಬಳಿ ಹೋಗಿ ಎಲ್ಲವನ್ನೂ ಹೇಳಿದೆ. ಕ್ಯಾಲೆಂಡರಿನ ಫೋಟೋ ತೋರಿಸಿದೆ. ತಾಮ್ರದ ಪಟ್ಟಿ ತೋರಿಸಿದೆ. ಅವರು ಬಹಳ ಹೊತ್ತು ಹಲಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ, "ಸಭೆಯಲ್ಲಿ ಇದನ್ನ ನೀನು ನೋಡಿದ್ದೆಯೇನಮ್ಮ?" ಎಂದರು. ಸುಳ್ಳು ಹೇಳುವ ಧೈರ್ಯ ಬರಲಿಲ್ಲ. "ನೋಡಿದ್ದೆ ಸರ್." "ಮತ್ಯಾಕೆ ಹೇಳ್ಲಿಲ್ಲ?" ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. "ನಿನ್ನನ್ನ ನಂಬಿಯೇ ನಾನು ಆ ಭಾಗ ಎರಡನೇ ಸಲ ನೋಡ್ಲಿಲ್ಲ" ಎಂದರು, ಅಷ್ಟೆ. ಆ ಮಾತು ಈಗಲೂ ಒಮ್ಮೊಮ್ಮೆ ರಾತ್ರಿ ಎಚ್ಚರಿಸುತ್ತದೆ.

ನಾನು ಅವರನ್ನು ಗೌರವಿಸಿದ್ದೆ ಎಂದುಕೊಂಡಿದ್ದೆ. ಅದು ಗೌರವವಲ್ಲ. ಅವರ ಕೆಲಸವನ್ನು ಗೌರವಿಸಿದ್ದರೆ ಅದನ್ನು ಓದುತ್ತಿದ್ದೆ, ಓದಿದ್ದನ್ನು ಹೇಳುತ್ತಿದ್ದೆ. ನಾನು ಕಾಪಾಡಿಕೊಂಡದ್ದು ನನ್ನ ಒಳ್ಳೆಯತನದ ಹೆಸರನ್ನು. ಕೆಂಪು ಶಾಯಿಯ ಮೇಡಂ ಮೂವತ್ತೇಳು ಟಿಪ್ಪಣಿ ಬರೆದು ನನ್ನನ್ನು ಅಳಿಸಿದರಲ್ಲ, ನನ್ನ ಕೆಲಸವನ್ನು ಅಷ್ಟು ಮನಸ್ಸಿಟ್ಟು ಓದಿದವರು ಅವರಿಗಿಂತ ಮುಂಚೆ ಯಾರೂ ಇರಲಿಲ್ಲ.

ನಮ್ಮಲ್ಲಿ ವಿಮರ್ಶೆಯೆಂದರೆ ಎರಡೇ ಬಗೆ. ಒಂದು, ಹೊಗಳುವುದು. ಇನ್ನೊಂದು, ಜಗಳ. ಹೆಂಗಸರ ಕೆಲಸಕ್ಕೆ ಮೂರನೆಯದೊಂದು ಬಗೆಯೂ ಇದೆ: "ಹೆಣ್ಣುಮಗಳಾಗಿ ಇಷ್ಟು ಮಾಡಿದ್ದೀಯಲ್ಲ!" ನನ್ನ ಬೋರ್ಡುಗಳಿಗೆ ಈ ಮಾತು ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಅತ್ತಿಗೆಯ ಬಳಗದಲ್ಲಿ ಓದುವ ಪುಸ್ತಕಗಳ ಮುನ್ನುಡಿಗಳಲ್ಲೂ ಇದನ್ನು ಕಂಡಿದ್ದೇನೆ: ಮನೆವಾರ್ತೆಯ ನಡುವೆ ಬಿಡುವು ಮಾಡಿಕೊಂಡು ಬರೆದಿದ್ದಾರೆ, ಮೆಚ್ಚತಕ್ಕದ್ದು. ಮೆಚ್ಚತಕ್ಕದ್ದು ಬಿಡುವೋ, ಬರಹವೋ? ಬರೆದವಳಿಗೆ ಬೇಕಾದದ್ದು ಯಾರಾದರೊಬ್ಬರು ಆ ಕತೆಯನ್ನು ಕೊನೆಯವರೆಗೆ ಓದಿ, ಇಲ್ಲಿ ದಾರಿ ತುಂಡಾಗಿದೆ ನೋಡಮ್ಮ ಎನ್ನುವುದು. ರಿಯಾಯಿತಿಯ ಮೆಚ್ಚುಗೆ ಕಂಪ್ಯೂಟರಿನ "ತಪ್ಪುಗಳು: 0" ಇದ್ದ ಹಾಗೆ. ಒಳಗಿನದನ್ನು ಅದು ಓದಿರುವುದೇ ಇಲ್ಲ.

ಈ ಮಾತು ಬಂದಾಗ ನನಗೆ ರಾಜೇಶ್ವರಿ ಚಟರ್ಜಿಯವರ ನೆನಪಾಗುತ್ತದೆ. 1922ರಲ್ಲಿ ಹುಟ್ಟಿದ ಕರ್ನಾಟಕದ ಹೆಣ್ಣುಮಗಳು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ 1953ರಲ್ಲಿ ಡಾಕ್ಟರೇಟ್ ಪಡೆದು ಬಂದರು. ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಮೈಕ್ರೋವೇವ್ ಮತ್ತು ಆಂಟೆನಾಗಳ ಮೇಲೆ ಪತಿ ಶಿಶಿರ್ ಕುಮಾರ್ ಚಟರ್ಜಿಯವರ ಜೊತೆ ಕೆಲಸ ಮಾಡಿದರು. 1982ರಲ್ಲಿ ನಿವೃತ್ತರಾಗುವವರೆಗೆ ಪಾಠ ಹೇಳಿದರು, 2010ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ರೇಡಿಯೋ ತರಂಗದ ಕೆಲಸ ಮಾಡುವ ನನ್ನಂಥ ಹೆಂಗಸರು ನಡೆಯುವ ದಾರಿಯನ್ನು ಮೊದಲು ತುಳಿದವರು ಅವರು. ತರಂಗಕ್ಕೆ ಗಂಡು ಹೆಣ್ಣೆಂಬ ರಿಯಾಯಿತಿ ಗೊತ್ತಿಲ್ಲ. ಲೆಕ್ಕ ತಪ್ಪಿದರೆ ಅದು ಯಾರ ಮುಖವನ್ನೂ ನೋಡದೆ ಹಿಂದಕ್ಕೆ ತಿರುಗುತ್ತದೆ. ನಮ್ಮ ವಿಮರ್ಶೆಯೂ ಅಷ್ಟು ನಿರ್ದಾಕ್ಷಿಣ್ಯವಾಗಿರಬಾರದೇಕೆ?

ಎರಡನೆಯ ಹಲಗೆಯನ್ನು ಸರ್ ಮತ್ತು ನಾನು ಜೊತೆಗೆ ಕೂತು ಮಾಡಿದೆವು. ಈ ಸಲ ನಾಲ್ಕು ಪದರ. ಎರಡನೆಯ ಪದರ ಪೂರ್ತಿ ಗ್ರೌಂಡ್, ಒಂದು ಗೀರೂ ಇಲ್ಲ. ಬೆಲೆ ಸ್ವಲ್ಪ ಹೆಚ್ಚಾಯಿತು. ಹಾಳೆ ಗೆರೆಗೆ ಹತ್ತಿರವಾದ್ದರಿಂದ ಆಂಟೆನಾ ಗೆರೆ 3 ಮಿಲಿಮೀಟರಿನಿಂದ ಮೂರನೇ ಒಂದು ಮಿಲಿಮೀಟರಿಗೆ ಇಳಿಯಿತು. ಉಳಿದ ಜಾಗದಲ್ಲಿ ಚಾರ್ಜರ್ ಹಲಗೆಯ ಆಚೆ ತುದಿಗೆ ಹೋಯಿತು. ಚಿಪ್ಪು ಮತ್ತು ಆಂಟೆನಾದ ನಡುವೆ ಮೂರು ಬಿಡಿಭಾಗಗಳಿಗೆ ಖಾಲಿ ಜಾಗ ಬಿಟ್ಟೆವು. ಸದ್ಯಕ್ಕೆ ಒಂದರಲ್ಲಿ ಬರೇ ಸೇತುವೆ, ಎರಡು ಖಾಲಿ. ಪೆಟ್ಟಿಗೆಯೊಳಗೆ ಕೂತ ಮೇಲೆ ಆಂಟೆನಾದ ಶ್ರುತಿ ಎಷ್ಟು ಇಳಿಯುತ್ತದೆಂದು ಅಳೆದು, ಆಮೇಲೆ ಬೇಕಾದ್ದನ್ನು ಅಲ್ಲಿ ಕೂರಿಸಿದರಾಯಿತು. ಒಳ್ಳೆಯ ದರ್ಜಿ ರವಿಕೆಯ ಒಳಹೊಲಿಗೆಯಲ್ಲಿ ಒಂದಿಂಚು ಬಟ್ಟೆ ಬಿಡುವುದಿಲ್ಲವೇ? ನನ್ನ ಲೆಕ್ಕ ತಪ್ಪಿರಬಹುದು ಎಂದು ಮೊದಲೇ ಒಪ್ಪಿಕೊಳ್ಳುವುದು ಅದು. ಅಳೆಯುವ ನೆಟ್‌ವರ್ಕ್ ಅನಲೈಸರ್ ಎಂಬ ಉಪಕರಣ ಹಿಂದೆ ದೊಡ್ಡ ಪ್ರಯೋಗಾಲಯಗಳಲ್ಲಿ ಮಾತ್ರ ಇರುತ್ತಿತ್ತು. ಈಗ ಕೈಯಲ್ಲಿ ಹಿಡಿಯುವಂಥ ಪುಟ್ಟದು ಕೆಲವೇ ಸಾವಿರ ರೂಪಾಯಿಗೆ ಸಿಗುತ್ತದೆ. ಮುಚ್ಚಳದ ಮೇಲೆ ಚೊಂಬಿನಿಂದ ನೀರು ಸುರಿದು ಸುರಿದು ಅಳೆದೆವು. ಒದ್ದೆಯಾದಾಗಲೂ ಹತ್ತರಲ್ಲಿ ಒಂಬತ್ತು ಪಾಲು ಶಕ್ತಿ ಹಿಂದಿರುಗದೆ ಆಂಟೆನಾಕ್ಕೆ ಹೋಗುವವರೆಗೂ ಬಿಡಲಿಲ್ಲ.

ರಿವ್ಯೂ ಸಭೆಯ ಕ್ರಮವನ್ನೂ ಬದಲಿಸಿದೆವು. ಈಗ ಹಲಗೆ ಮಾಡಿದವರು ಮೊದಲು ಮಾತಾಡುವಂತಿಲ್ಲ. ಕೋಣೆಯಲ್ಲಿ ಎಲ್ಲರಿಗಿಂತ ಕಿರಿಯರು ಮೊದಲು ಹೇಳಬೇಕು. "ಸರಿ ಇದೆ" ಎಂಬ ಮಾತು ಲೆಕ್ಕಕ್ಕಿಲ್ಲ. ಏನನ್ನು ನೋಡಿದಿರಿ, ಅದು ಯಾಕೆ ಸರಿ ಎಂದು ಹೇಳಬೇಕು. ಪಟ್ಟಿಯ ಮೊದಲ ಪ್ರಶ್ನೆ ಮೇಡಂ ಅವರದ್ದು: ಹೋದ ಕರೆಂಟು ಯಾವ ದಾರಿಯಲ್ಲಿ ಮರಳುತ್ತದೆ? ಎರಡನೆಯದು ಅತ್ತಿಗೆಯ ಕ್ಯಾಲೆಂಡರಿನದು: ಇದನ್ನು ಬಳಸುವವರು ಯಾರು, ಯಾವ ಹೊತ್ತಿನಲ್ಲಿ?

ಆ ದೀಪಾವಳಿಯ ಸಂಜೆ ಬಳಗದವರೆಲ್ಲ ಹೋದ ಮೇಲೆ ಅತ್ತಿಗೆ ಲೋಟಗಳನ್ನು ತೊಳೆಯುತ್ತಾ ನಿಂತಿದ್ದರು. ಹೊಸ ಪೆಟ್ಟಿಗೆ ಕಿಟಕಿಯ ಪಕ್ಕದಲ್ಲಿತ್ತು. "ಅತ್ತಿಗೆ, ಇದು ಈಗ ಸರಿಯಾಗಿದೆಯಲ್ಲ? ದಾಕ್ಷಿಣ್ಯ ಮಾಡ್ಬೇಡಿ" ಎಂದೆ.

ಅವರು ಕೈ ಒರೆಸಿಕೊಂಡು ಬಂದರು. "ಮಳೆಗೂ ಹೇಳ್ತದೆ, ಬಿಸಿಲಿಗೂ ಹೇಳ್ತದೆ. ನಾನು ಗುಡ್ಡ ಹತ್ತದೆ ಎಷ್ಟೋ ತಿಂಗಳಾಯ್ತು. ಆದರೆ ಒಂದು ಮಾತು ಮಾರಾಯ್ತಿ," ಸ್ವಲ್ಪ ತಡೆದು ಹೇಳಿದರು, "ಮಧ್ಯಾಹ್ನ ಈ ಕಿಟಕಿಯಿಂದ ಬಿಸಿಲು ಬೀಳ್ತದಲ್ಲ, ಆಗ ಆ ಹಸಿರು ದೀಪ ಹತ್ತಿದ್ದು ಕಾಣೂದೇ ಇಲ್ಲ. ಕೈ ಅಡ್ಡ ಹಿಡಿದು ನೋಡ್ಬೇಕು. ಅದನ್ನ ಎಂಥ ಮಾಡಿದ್ದು ನೀನು?"

ನಾನು ಪುಸ್ತಕ ತೆಗೆದು ಬರೆದುಕೊಂಡೆ. ಮೂರನೆಯ ಹಲಗೆ, ಟಿಪ್ಪಣಿ 1.